ಹದಿನೈದನೇ ಕಾಲಂ

ಎದುರಿಗಿರುವವರ ಮುಖ ನೋಡಿ ಮನಸ್ಸು ಓದುವ ವಿದ್ಯೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ಅಂಕ ತೆಗೆದು, ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಮನೆಯ ಗೋಡೆಗೆ ನೇತುಹಾಕಿದ ಮಾರನೆಯ ದಿನವೇ ಕಾಲಂ ಸಾಹೇಬರ ಹೆಂಡತಿ ಅವರ ಜೊತೆ ಮಾತು ಬಿಟ್ಟರು. ಯಾಕೆ ಬಿಟ್ಟರು ಎನ್ನುವುದು ಬಸ್ ಡಿಪೋದ ಅಷ್ಟೂ ಡ್ರೈವರುಗಳಿಗೆ ಗೊತ್ತಿತ್ತು, ಕಂಡಕ್ಟರುಗಳಿಗೆ ಗೊತ್ತಿತ್ತು, ಎದುರು ಮನೆಯವರಿಗೆ ಗೊತ್ತಿತ್ತು, ಡಿಪೋದ ಗೇಟಿನಲ್ಲಿ ಚಹಾ ಮಾರುವವನಿಗೂ ಗೊತ್ತಿತ್ತು. ಗೊತ್ತಿಲ್ಲದವರು ಒಬ್ಬರೇ. ಸರ್ಟಿಫಿಕೇಟು ಇದ್ದದ್ದೂ ಅವರೊಬ್ಬರ ಬಳಿಯೇ.

ಕಾಲಂ ಸಾಹೇಬರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಹೆತ್ತವರು ಇಟ್ಟದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಪ್ರಯಾಣಿಕರು ಸಿಟಿ ಬಸ್ಸುಗಳಲ್ಲಿ ಮರೆತುಹೋದ ಸಾಮಾನುಗಳನ್ನು ಇಟ್ಟುಕೊಂಡು, ವಾರಸುದಾರರು ಬಂದಾಗ ಹಿಂತಿರುಗಿಸುವ ಕೌಂಟರಿನಲ್ಲಿ ಅವರು ಇಪ್ಪತ್ತೆರಡು ವರ್ಷಗಳಿಂದ ಗುಮಾಸ್ತರು. ಛತ್ರಿ, ಊಟದ ಡಬ್ಬಿ, ಕನ್ನಡಕ, ಒಂಟಿ ಚಪ್ಪಲಿ, ಏನೇ ಇರಲಿ, ಅದನ್ನು ಬಿಡಿಸಿಕೊಳ್ಳಲು ಹದಿನಾಲ್ಕು ಕಾಲಮ್ಮುಗಳ ಒಂದು ಫಾರಂ ತುಂಬಬೇಕಿತ್ತು. ಒಂದು ಕಾಲಂ ಖಾಲಿ ಉಳಿದರೂ ಕರ್ಚೀಫು ಸಹ ಆ ಕಿಟಕಿಯನ್ನು ದಾಟುತ್ತಿರಲಿಲ್ಲ. ಸಾಲದ್ದಕ್ಕೆ, ಪ್ರತಿ ಕಾಲಮ್ಮನ್ನೂ ಗಟ್ಟಿಯಾಗಿ ಓದಿ, ಅರ್ಜಿದಾರರಿಂದ ಗಟ್ಟಿಯಾಗಿಯೇ ಉತ್ತರ ಹೇಳಿಸುವ ಪದ್ಧತಿಯನ್ನು ಸಾಹೇಬರೇ ತಂದಿದ್ದರು. ಸಾಲಿನಲ್ಲಿ ನಿಂತವರು ಕೇಳಿಸಿಕೊಂಡು 'ಅದು ನಂದು' ಎಂದು ಆಕ್ಷೇಪಣೆ ಎತ್ತಲು ಅವಕಾಶ ಇರಬೇಕಲ್ಲ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಎತ್ತಿರಲಿಲ್ಲ. ಪದ್ಧತಿ ಅಷ್ಟು ಚೆನ್ನಾಗಿದೆ ಎಂದು ಅವರು ಅದನ್ನು ಅರ್ಥ ಮಾಡಿಕೊಂಡಿದ್ದರು.

ಇನ್ನೊಂದು ವಿಷಯಕ್ಕೂ ಅವರು ಹೆಸರುವಾಸಿ. ಮೂರು ವರ್ಷದಿಂದ ಅವರು ಕುರ್ಚಿಯಲ್ಲಿ ಕೂತದ್ದನ್ನು ಕಂಡವರಿಲ್ಲ. "ಜನ ಆ ಕಡೆ ನಿಂತಿರುವಾಗ ನಾನು ಈ ಕಡೆ ಕೂತ್ಕೊಳ್ಳೋದು ಮರ್ಯಾದೆ ಅಲ್ಲ" ಎಂದು ಯಾರಿಗೋ ಒಮ್ಮೆ ಹೇಳಿದ್ದು ಡಿಪೋ ಮ್ಯಾನೇಜರ್ ಮೇಡಂ ಕಿವಿಗೆ ಬಿದ್ದು, 'ನಿಂತು ಸೇವೆ ಸಲ್ಲಿಸುವ ನೌಕರ' ಎಂಬ ತಲೆಬರಹದಡಿ ನೋಟೀಸ್ ಬೋರ್ಡಿನಲ್ಲಿ ಅವರ ಫೋಟೋ ಬಂದಿತ್ತು. ನಿಜವಾದ ಕಾರಣ ಮೂಲವ್ಯಾಧಿ. ಆ ಗುಟ್ಟು ಗೊತ್ತಿದ್ದದ್ದು ಡಾಕ್ಟರಿಗೆ ಮತ್ತು ಹೆಂಡತಿಗೆ ಮಾತ್ರ. ಮೂರನೆಯವರ ಕಿವಿಗೆ ಬಿದ್ದರೆ ಊರು ಬಿಟ್ಟು ಹೋಗುತ್ತೇನೆ ಎಂದು ಸಾಹೇಬರು ಹೆಂಡತಿಗೆ ಹೇಳಿಟ್ಟಿದ್ದರು. ಆಕೆ ಸ್ವಂತ ಅಣ್ಣನ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ಎಲ್ಲದಕ್ಕೂ ಮೂಲ ಒಂದು ಊರುಗೋಲು. ಒಬ್ಬ ಅಜ್ಜಿ ಬಸ್ಸಿನಲ್ಲಿ ಬಿಟ್ಟ ಊರುಗೋಲನ್ನು ಕೇಳಿಕೊಂಡು ಬಂದಿದ್ದರು.

"ಕೋಲು ಯಾರದ್ದು?" ಎಂದರು ಸಾಹೇಬರು.

"ನಮ್ಮ ಯಜಮಾನರದ್ದಪ್ಪ."

"ಮಾಲೀಕರು ಖುದ್ದಾಗಿ ಬರ್ಬೇಕು."

"ಅವರು ತೀರ್ಕೊಂಡು ಎಂಟು ತಿಂಗಳಾಯ್ತು."

ಸಾಹೇಬರು ನಿಯಮದ ಪುಸ್ತಕ ತಿರುವಿದರು. ಅವರಿಗೆ ಅಜ್ಜಿಯ ಮೇಲೆ ಕೋಪವೇನೂ ಇರಲಿಲ್ಲ, ಸಹಾಯ ಮಾಡಬೇಕೆಂಬ ಮನಸ್ಸೇ ಇತ್ತು. "ಹಾಗಿದ್ರೆ ತೊಂದ್ರೆ ಇಲ್ಲ. ಬರೋಕೆ ಆಗ್ದೇ ಇರೋವ್ರಿಗೂ ಅವಕಾಶ ಇದೆ. ಅವರ ಕೈಯಿಂದ ಒಂದು ಒಪ್ಪಿಗೆ ಪತ್ರ ಬರೆಸ್ಕೊಂಡು ಬನ್ನಿ."

ಅಜ್ಜಿ ಕೌಂಟರಿನ ಕಟ್ಟೆಗೆ ಹಣೆ ಇಟ್ಟು ಅಳತೊಡಗಿದರು. ಸಾಹೇಬರು ಕಟ್ಟೆಯ ಮೇಲಿದ್ದ ಫಾರಂ ಒದ್ದೆಯಾಗದಂತೆ ಈಚೆಗೆ ಎಳೆದುಕೊಂಡರು. ಅದನ್ನು ಮ್ಯಾನೇಜರ್ ಮೇಡಂ ಕಣ್ಣಾರೆ ಕಂಡರು. ಕೋಲನ್ನು ತಾವೇ ತಂದು ಅಜ್ಜಿಯ ಕೈಗಿತ್ತು, ಸಾಹೇಬರನ್ನು ಕೋಣೆಗೆ ಕರೆದು, "ನಿಮ್ಮ ಕೆಲಸದಲ್ಲಿ ತಪ್ಪು ಹುಡುಕೋಕೆ ಆಗಲ್ಲ. ಅದೇ ಕಷ್ಟ ಆಗಿರೋದು" ಎಂದು, ಶನಿವಾರದ ಒಂದು ತರಬೇತಿಗೆ ಹೆಸರು ಬರೆಸಿದರು. ಇನ್ನೊಬ್ಬರ ಭಾವನೆಯನ್ನು ಅರಿತು ನಡೆದುಕೊಳ್ಳುವುದು ಹೇಗೆ ಎನ್ನುವುದರ ಬಗ್ಗೆ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ, ನಡುವೆ ಊಟ.

ತರಬೇತಿಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತರ ಸರ್ಟಿಫಿಕೇಟಿನ ಜೊತೆಗೆ ಎರಡು ಆಯುಧ ಸಿಕ್ಕವು. ಒಂದು, ಜೇಬಿನಲ್ಲಿಟ್ಟುಕೊಳ್ಳುವ ಕಾರ್ಡು. ಅದರಲ್ಲಿ ನಾಲ್ಕು ಹೆಜ್ಜೆ: ಎದುರಿನವರ ಮುಖ ನೋಡಿ, ಅವರ ಭಾವನೆ ಯಾವುದೆಂದು ಅವರಿಗೇ ಹೇಳಿ, ಅವರ ಕೊನೆಯ ಮಾತನ್ನು ನೀವೂ ಒಮ್ಮೆ ಹೇಳಿ, ಮನಸ್ಸಿನಲ್ಲೇ ನಾಲ್ಕು ಎಣಿಸುತ್ತಾ ಸುಮ್ಮನಿರಿ. ಇನ್ನೊಂದು, ಹನ್ನೆರಡು ದುಂಡು ಮುಖಗಳ ಚಾರ್ಟು, ಪ್ರತಿ ಮುಖದ ಕೆಳಗೆ ಭಾವನೆಯ ಹೆಸರು. ಸಾಹೇಬರಿಗೆ ಇಷ್ಟು ಸಂತೋಷ ಕೆಲಸಕ್ಕೆ ಸೇರಿದ ದಿನವೂ ಆಗಿರಲಿಲ್ಲ. ಮನುಷ್ಯರ ಮನಸ್ಸಿಗೂ ಒಂದು ಫಾರಂ ಇದೆ ಎಂದು ಯಾರೂ ಅವರಿಗೆ ಈವರೆಗೆ ಹೇಳಿರಲೇ ಇಲ್ಲ.

ಸೋಮವಾರ ಅವರು ಹೊಸ ಫಾರಮ್ಮುಗಳನ್ನು ಜೆರಾಕ್ಸ್ ಮಾಡಿಸಿದರು. ಹದಿನಾಲ್ಕರ ಕೆಳಗೆ ಹದಿನೈದನೇ ಕಾಲಂ ಬಂದಿತ್ತು: 'ವಸ್ತು ಕಳೆದುಕೊಂಡಾಗ ನಿಮಗೆ ಹೇಗನ್ನಿಸಿತು? (ಬಿಡಿ ಅಕ್ಷರಗಳಲ್ಲಿ ಬರೆಯಿರಿ.)' ಛತ್ರಿ ಕಳೆದುಕೊಂಡ ಒಬ್ಬ ಪೇಂಟರ್ 'ಒದ್ದೆಯಾದೆ' ಎಂದು ಬರೆದ. ಅದು ಭಾವನೆ ಅಲ್ಲ ಎಂದು ಸಾಹೇಬರು ಅರ್ಜಿ ವಾಪಸು ಕೊಟ್ಟರು. ಅವನು 'ತುಂಬಾ ಒದ್ದೆಯಾದೆ' ಎಂದು ತಿದ್ದಿ ತಂದ.

ಅದೇ ಸೋಮವಾರ ಸಂಜೆ ಏಳನೇ ನಂಬರ್ ಬಸ್ಸಿನ ಕಂಡಕ್ಟರ್ ಒಂದು ಬ್ಯಾಗು ತಂದೊಪ್ಪಿಸಿದ. ಸಾಹೇಬರು ರಿಜಿಸ್ಟರಿನಲ್ಲಿ ಬರೆದುಕೊಂಡರು: ನಂಬರ್ ೪೧೭. ಕಂದು ಬಣ್ಣದ ರೆಕ್ಸಿನ್ ಬ್ಯಾಗು. ಎರಡು ಹಿಡಿ, ಎಡಗಡೆಯದ್ದು ಕಪ್ಪು ದಾರದಲ್ಲಿ ಹೊಲಿದದ್ದು. ಒಳಗೆ ಮೆತ್ತನೆಯ ವಸ್ತು, ತೆರೆದು ನೋಡಿಲ್ಲ. ಇಷ್ಟು ಚೆಂದದ ವಿವರಣೆಯನ್ನು ಬೇರೆ ಯಾರೂ ಬರೆಯಲಾರರು. ಆ ಬ್ಯಾಗು ಹನ್ನೊಂದು ವರ್ಷದಿಂದ ತಮ್ಮದೇ ಅಡುಗೆಮನೆಯ ಮೊಳೆಗೆ ನೇತಾಡುತ್ತಿದ್ದದ್ದು ಎನ್ನುವುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಮನೆಗೆ ಹೋಗಿ, ಸರ್ಟಿಫಿಕೇಟನ್ನು ಗೋಡೆಗೆ ನೇತುಹಾಕಿ, ನೆಟ್ಟಗಿದೆಯೇ ಎಂದು ಹೆಂಡತಿಯನ್ನು ಕೇಳಿದರು. ಆಕೆ ಎಲ್ಲೋ ನೋಡುತ್ತಾ, ಇದೆ ಎಂದರು.

ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ, ಹದಿನೆಂಟು ಜನರ ಹಿಂದೆ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು, ಹೆಂಡತಿ ಕಿಟಕಿಯ ಮುಂದೆ ಬಂದರು.

"ರೀ, ನಿನ್ನೆ ಬಸ್ಸಲ್ಲಿ ನನ್ನ ಬ್ಯಾಗ್ ಬಿಟ್ಟೆ. ಅಗೋ, ಅಲ್ಲೇ ಮೇಲಿದೆಯಲ್ಲ. ಕೊಟ್ಬಿಡಿ, ಒಲೆ ಮೇಲೆ ಸಣ್ಣ ಉರೀಲಿ ಹಾಲಿಟ್ಟು ಬಂದಿದ್ದೀನಿ."

ಇನ್ನೊಬ್ಬರಾಗಿದ್ದರೆ ಕೊಟ್ಟುಬಿಡುತ್ತಿದ್ದರು. ಆದರೆ ಸಾಲಿನಲ್ಲಿದ್ದ ಅಷ್ಟೂ ಜನ ನೋಡುತ್ತಿದ್ದಾರೆ, ನೋಟೀಸ್ ಬೋರ್ಡಿನಲ್ಲಿ ಫೋಟೋ ಇದೆ. ಸಾಹೇಬರು ಪೆನ್ನಿನ ಕ್ಯಾಪು ತೆಗೆದರು. "ಹೆಸರು?"

ಹೆಂಡತಿ ಸಣ್ಣಗೆ ನಕ್ಕು ಹೆಸರು ಹೇಳಿದರು.

"ಗಂಡನ ಹೆಸರು?"

ನಗು ಅರ್ಧಕ್ಕೆ ನಿಂತಿತು. "ಯಾಕೆ, ನಿಮಗೆ ಗೊತ್ತಿಲ್ವಾ?"

"ನನಗೆ ಗೊತ್ತಿರೋದು ಬೇರೆ, ಫಾರಮ್ಮಿಗೆ ಗೊತ್ತಾಗೋದು ಬೇರೆ. ಗಟ್ಟಿಯಾಗಿ ಹೇಳಿ."

ಆಕೆ ಹೇಳಿದರು. ವಿಳಾಸ ಹೇಳಿದರು. ಮನೆಯಲ್ಲಿ ಎಷ್ಟು ಜನ, ಯಾವ ನಿಲ್ದಾಣದಲ್ಲಿ ಹತ್ತಿದ್ದು, ಯಾವ ಸೀಟು, ಎಲ್ಲವನ್ನೂ ಹೇಳಿದರು. ಹನ್ನೊಂದನೇ ಕಾಲಮ್ಮಿಗೆ ಬಂದಾಗ ಸಾಹೇಬರು ದನಿ ಏರಿಸಿದರು. "ಬ್ಯಾಗಿನ ಒಳಗೆ ಏನಿದೆ?"

ಹೆಂಡತಿ ಹಿಂದೆ ತಿರುಗಿ ಸಾಲನ್ನು ನೋಡಿದರು. ಅವರ ಹಿಂದೆ ಈಗ ಮೂವತ್ತು ಜನ ಸೇರಿದ್ದರು. ಕಿಟಕಿಯ ಹತ್ತಿರ ಬಾಗಿ, ಪಿಸುದನಿಯಲ್ಲಿ, "ಅದೊಂದು ಬೇಡ" ಎಂದರು.

"ಕಾಲಂ ಖಾಲಿ ಬಿಡೋ ಹಾಗಿಲ್ಲ."

"ಮನೆಗೆ ಬನ್ನಿ, ಹೇಳ್ತೀನಿ."

ಸಾಹೇಬರಿಗೆ ಕಾರ್ಡು ನೆನಪಾಯಿತು. ತರಬೇತಿ ಸಾರ್ಥಕವಾಗುವ ಗಳಿಗೆ ಇದೇ. ಅವರು ಹೆಂಡತಿಯ ಮುಖ ನೋಡಿದರು. "ನಿಮಗೆ ಗಾಬರಿ ಆಗಿರೋ ಹಾಗೆ ಕಾಣುತ್ತೆ. 'ಮನೆಗೆ ಬನ್ನಿ, ಹೇಳ್ತೀನಿ' ಅಂತೀರಿ." ಆಮೇಲೆ ಸುಮ್ಮನಿದ್ದು ನಾಲ್ಕು ಎಣಿಸಿದರು. ಎರಡು ಎಣಿಸುವಷ್ಟರಲ್ಲಿ ಸಾಲಿನ ಹಿಂದಿನಿಂದ ಒಬ್ಬ ಕಿಸಕ್ಕೆಂದ. ನಾಲ್ಕಕ್ಕೆ ಇಡೀ ಸಾಲು ನಗುತ್ತಿತ್ತು.

ಹೆಂಡತಿ ಮತ್ತೊಂದು ಮಾತಾಡದೆ ತಿರುಗಿ ನಡೆದರು. ಸಾಹೇಬರು ಫಾರಮ್ಮಿನ ಕೆಳಗೆ ಬರೆದರು: 'ಅರ್ಜಿದಾರರು ಒಳಗಿನ ವಸ್ತುವನ್ನು ತಿಳಿಸಲು ಒಪ್ಪಲಿಲ್ಲ. ಅನುಮಾನಾಸ್ಪದ. ತಿರಸ್ಕರಿಸಲಾಗಿದೆ.' ಮೊಹರು ಒತ್ತಿದರು. ಸಾಮಾನು ಎತ್ತಿಕೊಡುವ ಅಟೆಂಡರ್, ಇನ್ನು ಒಂದು ವರ್ಷಕ್ಕೆ ನಿವೃತ್ತನಾಗುವವನು, ಕಪಾಟಿಗೆ ಒರಗಿ ನಿಂತು ಇದೆಲ್ಲವನ್ನೂ ನೋಡಿ, "ಸಾಹೇಬ್ರೆ, ಇವತ್ತು ಊಟ ಹೊರಗೇ ಮುಗಿಸ್ಕೊಂಡು ಹೋಗಿ" ಎಂದ. ಅವನ ಮಾತಿನ ಒಳಾರ್ಥ ಅವರಿಗೆ ಹೊಳೆಯಲಿಲ್ಲ. ಡಬ್ಬಿ ತಂದಿದ್ದೀನಲ್ಲ ಎಂದರು.

ಆ ಸಂಜೆಯಿಂದ ಮನೆಯಲ್ಲಿ ಮಾತಿಲ್ಲ. ಊಟ ಬರುತ್ತಿತ್ತು, ಇಸ್ತ್ರಿಯಾದ ಷರಟು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ತಟ್ಟೆ ಮೇಜಿನ ಮೇಲೆ ಕೂರುವ ಸದ್ದು ಮಾತ್ರ ದಿನದಿಂದ ದಿನಕ್ಕೆ ಜೋರಾಗುತ್ತಿತ್ತು. ಗುರುವಾರ ಬೆಳಿಗ್ಗೆ ಮೇಜಿನ ಮೇಲೆ ಅವರದೇ ಆಫೀಸಿನ ಒಂದು ಫಾರಂ ಇತ್ತು, ಹೆಂಡತಿಯ ಅಕ್ಷರದಲ್ಲಿ ತುಂಬಿದ್ದು. 'ವಸ್ತು: ಸಕ್ಕರೆ, ಒಂದು ಕಿಲೋ. ಎಲ್ಲಿಂದ: ಮೂಲೆ ಅಂಗಡಿ. ಸಂಜೆ ಒಳಗೆ.' ಹದಿನೈದನೇ ಕಾಲಂ ಖಾಲಿ. ಸಾಹೇಬರ ಮನಸ್ಸು ತುಂಬಿಬಂತು. ಇಪ್ಪತ್ತು ವರ್ಷ ಸಂಸಾರ ಮಾಡಿದ ಮೇಲೆ ಆಕೆಗೆ ತಮ್ಮ ಕೆಲಸದಲ್ಲಿ ಆಸಕ್ತಿ ಹುಟ್ಟಿದೆಯಲ್ಲ ಎಂದು ಹಿಗ್ಗಿ, ಆ ಫಾರಮ್ಮಿಗೆ ನಂಬರು ಹಾಕಿ ಫೈಲಿಗೆ ಸೇರಿಸಿದರು.

ಆದರೂ ಮೌನದ ಕಾರಣ ಹುಡುಕಬೇಕಲ್ಲ. ಆ ಸಂಜೆ ಹೆಂಡತಿ ತರಕಾರಿ ಹೆಚ್ಚುತ್ತಿದ್ದಾಗ ಅವರು ಚಾರ್ಟನ್ನು ಕೈಯಲ್ಲಿ ಹಿಡಿದು ಬಾಗಿಲ ಮರೆಯಲ್ಲಿ ನಿಂತರು. ಆಕೆಯ ಮುಖ ನೋಡುವುದು, ಚಾರ್ಟು ನೋಡುವುದು, ಮತ್ತೆ ಆಕೆಯ ಮುಖ ನೋಡುವುದು. ಬಾಯಿ ಗೆರೆಯಂತೆ ನೇರ, ಕಣ್ಣು ಕೆಳಗೆ. ಏಳನೇ ಮುಖಕ್ಕೆ ಸರಿಯಾಗಿ ಹೊಂದಿತು: 'ಅದುಮಿಟ್ಟ ದುಃಖ'. ಪಕ್ಕದ ಎಂಟನೇ ಮುಖ 'ಅದುಮಿಟ್ಟ ಕೋಪ'. ಎರಡಕ್ಕೂ ಇದ್ದ ವ್ಯತ್ಯಾಸ ಒಂದು ಹುಬ್ಬಿನದು. ಸಾಹೇಬರ ಓದುವ ಕನ್ನಡಕ ಆಫೀಸಿನಲ್ಲಿ ಉಳಿದಿತ್ತು.

ದುಃಖ ಎಂದ ಮೇಲೆ ಯಾರಿಗೆ ಏನಾಗಿದೆ? ಎದುರು ಮನೆಯಲ್ಲಿದ್ದ ನಿವೃತ್ತ ನರ್ಸಮ್ಮನಿಗೆ ಹೆಂಡತಿಯ ಜೊತೆ ಒಳ್ಳೆಯ ಬಳಕೆ. ಸಾಹೇಬರು ಅಲ್ಲಿಗೆ ಹೋಗಿ ವಿಚಾರಿಸಿದರು. ನರ್ಸಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಆ ಬ್ಯಾಗ್ ವಿಚಾರ ಸ್ವಲ್ಪ ಯೋಚ್ನೆ ಮಾಡಿ."

"'ಬ್ಯಾಗ್ ವಿಚಾರ ಯೋಚ್ನೆ ಮಾಡಿ' ಅಂತೀರಿ" ಎಂದ ಸಾಹೇಬರು ನಾಲ್ಕು ಎಣಿಸಿದರು. ಎಣಿಸುವುದರಲ್ಲಿ ಮಗ್ನರಾಗಿ ಅವರು ಯೋಚನೆ ಮಾಡುವುದನ್ನು ಮರೆತರು. ನರ್ಸಮ್ಮ ಬಾಗಿಲು ಹಾಕಿಕೊಂಡರು.

ಶನಿವಾರ ಅವರು ಭಾವನಿಗೆ, ಅಂದರೆ ಹೆಂಡತಿಯ ಅಣ್ಣನಿಗೆ, ಫೋನು ಮಾಡಿದರು. ಭಾವ ಪಕ್ಕದ ಊರಿನಲ್ಲಿ ಮರದ ಅಡ್ಡೆ ನಡೆಸುತ್ತಿದ್ದವರು, ಗರಗಸದ ಸದ್ದಿನಲ್ಲೇ ಬದುಕಿ ಕಿವಿ ಸ್ವಲ್ಪ ಮಂದ, ದನಿ ಬಲು ಜೋರು.

"ಭಾವ, ನಿಮ್ಮ ಮನಸ್ಸಿಗೆ ತುಂಬಾ ನೋವಾಗಿರ್ಬೇಕು. ನಿಮ್ಮ ದುಃಖದಲ್ಲಿ ನಾನೂ ಇದ್ದೀನಿ."

"ಯಾರಿಗೇನಾಯ್ತು?" ಎಂದು ಭಾವ ಕೂಗಿದರು.

"'ಯಾರಿಗೇನಾಯ್ತು' ಅಂತೀರಿ."

"ಅಯ್ಯೋ, ನಾನೇ ಕೇಳ್ತಿರೋದು. ನನ್ನ ತಂಗಿ ಹೇಗಿದ್ದಾಳೆ?"

ಸಾಹೇಬರು ನಾಲ್ಕು ಎಣಿಸಿದರು. ಫೋನಿನ ಆ ತುದಿಯಲ್ಲಿ ಆ ನಾಲ್ಕು ಎಣಿಕೆಯ ಮೌನ ಏನೇನು ಅರ್ಥ ಕೊಟ್ಟಿತೋ ದೇವರೇ ಬಲ್ಲ. "ಅವಳು ಐದು ದಿನದಿಂದ ಮಾತಾಡ್ತಿಲ್ಲ, ಭಾವ" ಎಂದು ಇವರು ಹೇಳಿ ಮುಗಿಸುವಷ್ಟರಲ್ಲಿ ಅತ್ತ ಕಡೆ ಅತ್ತಿಗೆ ಅಳುವುದು ಕೇಳಿಸಿತು.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಮನೆಯ ಮುಂದೆ ಮರ ಸಾಗಿಸುವ ಲಾರಿ ಬಂದು ನಿಂತಿತು. ಭಾವ ಇಳಿದರು, ಅತ್ತಿಗೆ ಇಳಿದರು, ಒಂದು ಆಮ್ಲಜನಕದ ಸಿಲಿಂಡರೂ ಇಳಿಯಿತು. ಬೀದಿಯವರು ಬಾಗಿಲಿಗೆ ಬಂದರು. ನರ್ಸಮ್ಮ ರಕ್ತದೊತ್ತಡ ನೋಡುವ ಪಟ್ಟಿಯನ್ನು ಹಿಡಿದೇ ದಾಟಿ ಬಂದರು. ತಂಗಿ ಬಟ್ಟೆ ಒಣಹಾಕುತ್ತಾ ಗಟ್ಟಿಮುಟ್ಟಾಗಿ ನಿಂತಿದ್ದನ್ನು ಕಂಡು ಭಾವನಿಗೆ ಮೊದಲು ಸಮಾಧಾನವಾಯಿತು, ಆಮೇಲೆ ಸಿಟ್ಟು ಬಂತು.

"ಏನಮ್ಮಾ ಇದು? ಮಾತು ನಿಂತುಹೋಗಿದೆ ಅಂದ್ರು."

"ನಿಂತಿಲ್ಲ. ನಿಲ್ಸಿದ್ದೀನಿ" ಎಂದರು ತಂಗಿ. ಐದು ದಿನದಲ್ಲಿ ಆ ಮನೆಯಲ್ಲಿ ಕೇಳಿಸಿದ ಮೊದಲ ಮಾತು. ಸಾಹೇಬರು ಸಂತೋಷದಿಂದ ಚಾರ್ಟು ತರಲು ಒಳಗೆ ಓಡಿದರು.

"ಸಾಕು ಬಿಡು, ನಡಿ ನಮ್ಮನೆಗೆ" ಎಂದರು ಭಾವ. "ನಾಲ್ಕು ದಿನ ಇದ್ದು ಬರೋವಂತೆ. ಬೇಕಿದ್ರೆ ನಾಲ್ಕು ತಿಂಗಳು. ಬಟ್ಟೆ ತುಂಬ್ಕೋ."

"ಯಾವುದಕ್ಕೆ ತುಂಬ್ಕೊಳ್ಲಿ? ಇದ್ದದ್ದು ಒಂದು ಬ್ಯಾಗು. ಅದು ಇವರ ಆಫೀಸಲ್ಲಿದೆ."

"ಇವರ ಆಫೀಸಲ್ಲಿ ಯಾಕಿದೆ?"

ಆಕೆ ಹೇಳಿದರು. ಮುಕ್ಕಾಲು ಗಂಟೆ ಸಾಲು, ಗಂಡನ ಹೆಸರು, ಹನ್ನೊಂದನೇ ಕಾಲಂ, ನಾಲ್ಕು ಎಣಿಕೆ, ಮೂವತ್ತು ಜನರ ನಗು, ಉಕ್ಕಿ ಒಲೆಯೆಲ್ಲ ಆದ ಹಾಲು. ಚಾರ್ಟು ಹಿಡಿದು ಬಾಗಿಲಲ್ಲಿ ನಿಂತ ಸಾಹೇಬರು ಮೊದಲ ಸಲ ಆ ಕಥೆಯನ್ನು ಕಿಟಕಿಯ ಆಚೆ ಕಡೆಯಿಂದ ಕೇಳಿದರು. ಅದು ತಾವು ಫೈಲಿನಲ್ಲಿ ಬರೆದದ್ದಕ್ಕಿಂತ ಬೇರೆಯೇ ಕಥೆಯಾಗಿತ್ತು.

"ಅಷ್ಟಕ್ಕೂ ಬ್ಯಾಗಲ್ಲಿ ಏನಿತ್ತಮ್ಮಾ?" ಎಂದು ಅತ್ತಿಗೆ ಕೇಳಿದರು. ಭಾವ ಕುರ್ಚಿಯ ಮೇಲೆ, ಅತ್ತಿಗೆ ಮಂಚದ ಮೇಲೆ, ನರ್ಸಮ್ಮ ಸ್ಟೂಲಿನ ಮೇಲೆ, ಬಾಗಿಲಲ್ಲಿ ಬೀದಿಯ ಏಳೆಂಟು ಜನ. ಕೂರಲು ಇನ್ನೊಂದು ಕುರ್ಚಿ ಖಾಲಿ ಇದ್ದರೂ ಸಾಹೇಬರು ಎಂದಿನಂತೆ ನಿಂತಿದ್ದರು. ಹೆಂಡತಿ ಆ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿ, ಅವರನ್ನು ಒಮ್ಮೆ ನೋಡಿ, "ಏನೋ ಇತ್ತು" ಎಂದು ಅಡುಗೆಮನೆಗೆ ಹೋದರು.

ಸಾಹೇಬರು ಚಾರ್ಟನ್ನು ಅಲ್ಲೇ ಬಿಟ್ಟು ಹೆಂಡತಿಯ ಹಿಂದೆ ಹೋದರು. ಆಕೆ ಬೆನ್ನು ತಿರುಗಿಸಿಯೇ, ಹೊರಗಿನವರಿಗೆ ಕೇಳಿಸದ ದನಿಯಲ್ಲಿ ಹೇಳಿದರು.

"ಗಾದಿ. ಗುಂಡಗೆ, ನಡುವೆ ತೂತು ಇರೋದು. ನಿಮಗೆ ಕೂತ್ಕೊಳ್ಳೋಕೆ. ಈ ಕಡೆ ಎಲ್ಲಾದ್ರೂ ಹೊಲಿಸಿದ್ರೆ ಗೊತ್ತಾಗುತ್ತೆ ಅಂತ ಎರಡು ಬಸ್ ಬದಲಾಯಿಸಿ ಊರ ಆ ತುದಿಗೆ ಹೋಗಿದ್ದೆ. ನಿಮ್ಮ ಆಫೀಸ್ ಕುರ್ಚಿ ಅಳತೆ ಅಟೆಂಡರ್ ಹತ್ರ ಬೇರೆ ನೆಪ ಹೇಳಿ ತರಿಸ್ಕೊಂಡಿದ್ದೆ. ಅಷ್ಟು ಜನರ ಮುಂದೆ ಅದನ್ನ ಹೇಗೆ ಹೇಳ್ಲಿ? ನಿಮ್ಮ ಮಾನ ಉಳೀಲಿ ಅಂತ ನಾನು ಬಾಯಿ ಮುಚ್ಕೊಂಡೆ. ನೀವು ಏನು ಬರ್ಕೊಂಡ್ರಿ?"

ತಾವು ಬರೆದದ್ದು ಸಾಹೇಬರಿಗೆ ಅಕ್ಷರ ಅಕ್ಷರವಾಗಿ ನೆನಪಿತ್ತು. ಇಷ್ಟು ನಾಚಿಕೆ ಅವರಿಗೆ ಜೀವಮಾನದಲ್ಲಿ ಆಗಿರಲಿಲ್ಲ.

"ನಾಳೆ ಮಧ್ಯಾಹ್ನ ಅಣ್ಣನ ಜೊತೆ ಹೊರಡ್ತೀನಿ" ಎಂದರು ಹೆಂಡತಿ. "ಬ್ಯಾಗ್ ತಂದ್ಕೊಡಿ."

ಆಮೇಲೆ ಮತ್ತೆ ಬಾಯಿಗೆ ಬೀಗ.

ಸೋಮವಾರ ಬೆಳಿಗ್ಗೆ ಅಟೆಂಡರ್ ಬ್ಯಾಗನ್ನು ಕಪಾಟಿನಿಂದ ಇಳಿಸಿ ಧೂಳು ಕೊಡವಿ ಇಟ್ಟಿದ್ದ. "ಎತ್ಕೊಂಡು ಹೋಗಿ, ಸಾಹೇಬ್ರೆ. ರಿಜಿಸ್ಟರ್ ನಿಮ್ದು, ಪೆನ್ನೂ ನಿಮ್ದು. ಯಾರು ಕೇಳ್ತಾರೆ?"

ಸಾಹೇಬರು ಬ್ಯಾಗನ್ನು ಮುಟ್ಟಲಿಲ್ಲ. ಅರ್ಧ ದಿನದ ರಜೆ ಚೀಟಿ ಬರೆದು ಮೇಜಿನ ಮೇಲಿಟ್ಟರು. "ಅವಳು ಆ ಕಡೆ ನಿಂತಿದ್ಲು" ಎಂದು, ಬಾಗಿಲು ತೆರೆದು ಹೊರಗೆ ಬಂದು, ಸಾಲಿನ ಕೊನೆಗೆ ಹೋಗಿ ನಿಂತರು.

ಸಾಲಿನಲ್ಲಿ ಇಪ್ಪತ್ತಾರು ಜನ. ಇಪ್ಪತ್ತೆರಡು ವರ್ಷದಲ್ಲಿ ಅವರಿಗೆ ಗೊತ್ತಿರಲಿಲ್ಲ, ಆ ಜಾಗದಲ್ಲಿ ಬೆಳಗಿನ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆಂದು. ಬಸ್ಸುಗಳ ಹೊಗೆ ಮುಖಕ್ಕೇ ಬರುತ್ತದೆಂದು. ಮುಂದಿನವರ ಹದಿನೈದು ಉತ್ತರಗಳನ್ನು ಕೇಳುತ್ತಾ ನಿಂತವನಿಗೆ ಎಷ್ಟು ಬೇಸರವಾಗುತ್ತದೆಂದು. ಅವರ ಮುಂದೆ ನಿಂತಿದ್ದವರು ತಿರುಗಿ ನೋಡಿದರು. ಊರುಗೋಲಿನ ಅಜ್ಜಿ. ಕೈಯಲ್ಲಿ ಕೋಲಿರಲಿಲ್ಲ.

"ಮತ್ತೆ ಬಿಟ್ಟೆನಪ್ಪ" ಎಂದರು ಅಜ್ಜಿ, ಸ್ವಲ್ಪ ಹೆದರಿ. "ಈ ಸಲ ಅವರ ಫೋಟೋ ತಂದಿದ್ದೀನಿ. ಕೋಲು ಹಿಡ್ಕೊಂಡು ನಿಂತಿರೋದು."

ಸಾಹೇಬರು ಫೋಟೋ ನೋಡಿದರು. ಏನು ಹೇಳಬೇಕೆಂದು ಕಾರ್ಡಿನಲ್ಲಿ ಇದ್ದಿರಬಹುದು, ಆದರೆ ಅದನ್ನು ತೆಗೆಯುವ ಮನಸ್ಸಾಗಲಿಲ್ಲ. "ಎತ್ತರದ ಆಳು" ಎಂದರು.

"ಹೌದು ಮತ್ತೆ, ಬಾಗಿಲಿಗೆಲ್ಲ ತಲೆ ಹೊಡೀತಿತ್ತು" ಎಂದು ಅಜ್ಜಿಯ ಮುಖ ಅರಳಿತು. ಬಿಸಿಲಿಗೆ ಆಕೆ ಕಣ್ಣು ಕಿರಿದು ಮಾಡಿದ್ದನ್ನು ಕಂಡು ಸಾಹೇಬರು ಅಡ್ಡ ಸರಿದು ನೆರಳು ಮಾಡಿ ನಿಂತರು.

ಅಜ್ಜಿಯ ಸರದಿ ಬಂತು, ಕೋಲು ಸಿಕ್ಕಿತು. ಆದರೂ ಆಕೆ ಹೋಗದೆ ಪಕ್ಕದಲ್ಲೇ ನಿಂತರು. ಕಿಟಕಿಯ ಒಳಗೆ ಅಟೆಂಡರ್ ಆರಾಮವಾಗಿ ಸಾಹೇಬರ ಕುರ್ಚಿಯಲ್ಲಿ ಕೂತಿದ್ದ. ಬೆಳಗಿನ ಪಾಳಿ ಮುಗಿಸಿದ ಹತ್ತಾರು ಡ್ರೈವರುಗಳು, ಚಹಾದವನು, ಸುದ್ದಿ ತಿಳಿದ ಮ್ಯಾನೇಜರ್ ಮೇಡಂ, ಎಲ್ಲರೂ ಸುತ್ತ ಸೇರಿದ್ದರು. ಇಪ್ಪತ್ತೆರಡು ವರ್ಷ ಕಾದ ಅವಕಾಶವನ್ನು ಅಟೆಂಡರ್ ಸುಮ್ಮನೆ ಬಿಡುವವನಲ್ಲ. ಗಂಟಲು ಸರಿ ಮಾಡಿಕೊಂಡು ಒಂದೊಂದೇ ಕಾಲಂ ಓದಿದ. ಸಾಹೇಬರು ಒಂದೊಂದಕ್ಕೂ ಉತ್ತರ ಕೊಟ್ಟರು.

"ಕಾಲಂ ಹನ್ನೊಂದು. ಬ್ಯಾಗಿನ ಒಳಗೆ ಏನಿದೆ? ಗಟ್ಟಿಯಾಗಿ."

ಸಾಹೇಬರು ನೋಟೀಸ್ ಬೋರ್ಡಿನ ಕಡೆ ನೋಡಿದರು. ಫೋಟೋದಲ್ಲಿ ತಾವು ಎದೆ ಉಬ್ಬಿಸಿ ನಿಂತಿದ್ದರು. ಆಮೇಲೆ ಜನರ ಕಡೆ ತಿರುಗಿದರು.

"ಗಾದಿ. ಗುಂಡಗಿದೆ, ನಡುವೆ ತೂತು ಇದೆ. ನನಗೆ ಮೂರು ವರ್ಷದಿಂದ ಮೂಲವ್ಯಾಧಿ. ಕೂರೋಕೆ ಆಗಲ್ಲ, ಅದಕ್ಕೇ ನಿಂತ್ಕೋತೀನಿ. ಸೇವೆ ಗೀವೆ ಏನಿಲ್ಲ. ನನ್ನ ಹೆಂಡ್ತಿ ಇದನ್ನ ನನಗೋಸ್ಕರ ಹೊಲಿಸಿದ್ಲು. ನಿಮ್ಮ ಮುಂದೆ ಹೇಳಿದ್ರೆ ನನ್ನ ಮಾನ ಹೋಗುತ್ತೆ ಅಂತ ಹೇಳ್ಲಿಲ್ಲ. ನಾನು ಅವಳ ಅರ್ಜಿ ತಿರಸ್ಕರಿಸ್ದೆ. ಯಾರಿಗಾದ್ರೂ ಆಕ್ಷೇಪಣೆ ಇದ್ರೆ ಹೇಳಿ."

ನಾಲ್ಕು ಎಣಿಸುವಷ್ಟು ಹೊತ್ತು ಯಾರೂ ಮಾತಾಡಲಿಲ್ಲ. ಈ ಸಲ ಯಾರೂ ಎಣಿಸುತ್ತಿರಲಿಲ್ಲ.

"ನಮ್ಮ ಯಜಮಾನರಿಗೂ ಇತ್ತಪ್ಪ" ಎಂದರು ಅಜ್ಜಿ. "ನಲವತ್ತು ವರ್ಷ ಟವೆಲ್ ಮಡಚಿ ಅದರ ಮೇಲೆ ಕೂತ್ರು. ಒಬ್ರಿಗೂ ಹೇಳ್ಲಿಲ್ಲ. ಆ ಕೋಲು ಹಿಡಿದದ್ದೇ ಅದಕ್ಕೆ, ನೋವಲ್ಲಿ ಕೂತು ಏಳೋಕೆ. ಕಾಲು ಗಟ್ಟಿಯಾಗೇ ಇತ್ತು."

ಏಳನೇ ನಂಬರ್ ಬಸ್ಸಿನ ಡ್ರೈವರ್, ಮೀಸೆಯವನು, ಆಚೀಚೆ ನೋಡಿ ಮುಂದೆ ಬಂದ. "ಸಾಹೇಬ್ರೆ, ಇಪ್ಪತ್ತು ವರ್ಷದಿಂದ ಇಂಜಿನ್ ಪಕ್ಕ ಕೂತವರು ನಾವು. ಇದರಲ್ಲಿ ಮುಚ್ಚಿಡೋದೇನಿದೆ? ಆ ಗಾದಿ ಹೊಲಿಯೋನ ಅಂಗಡಿ ಎಲ್ಲಿ ಬರುತ್ತೆ?"

"ನನಗೂ ಒಂದು ಹೇಳಿ" ಎಂದಿತು ಹಿಂದಿನ ಒಂದು ದನಿ. "ನನಗೆ ದೊಡ್ಡ ಅಳತೇದು" ಎಂದಿತು ಇನ್ನೊಂದು. ಚಹಾದವನು, ನಿಂತೇ ವ್ಯಾಪಾರ ಮಾಡುವವನು, ಏನೂ ಹೇಳದೆ ಕೈ ಎತ್ತಿದ. ಅಟೆಂಡರ್ ಒಂದು ಖಾಲಿ ಫಾರಮ್ಮಿನ ಹಿಂಭಾಗದಲ್ಲಿ ಪಟ್ಟಿ ಬರೆಯತೊಡಗಿದ. ಹದಿನಾಲ್ಕು ಹೆಸರಾದವು. ಮ್ಯಾನೇಜರ್ ಮೇಡಂ ಪಟ್ಟಿಯನ್ನು ಈಸಿಕೊಂಡು ನೋಡಿ, ಪೆನ್ನು ತೆಗೆದು ಕೊನೆಯಲ್ಲಿ ಇನ್ನೊಂದು ಹೆಸರು ಸೇರಿಸಿದರು. ಯಾರದೆಂದು ಯಾರೂ ಕೇಳಲಿಲ್ಲ. ಅಷ್ಟರಮಟ್ಟಿಗೆ ಅಲ್ಲಿದ್ದವರಿಗೆಲ್ಲ ತಿಳಿವಳಿಕೆ ಇತ್ತು.

"ಕಾಲಂ ಹದಿನೈದು" ಎಂದ ಅಟೆಂಡರ್. "ಕಳ್ಕೊಂಡಾಗ ಹೇಗನ್ನಿಸ್ತು?"

"ಅದನ್ನ ಇಲ್ಲಿ ಹೇಳೋದಲ್ಲ" ಎಂದರು ಸಾಹೇಬರು. ಕಾಲಂ ಖಾಲಿ ಉಳಿಯಿತು, ಬ್ಯಾಗು ಕಿಟಕಿ ದಾಟಿತು.

ಅವರು ಬ್ಯಾಗನ್ನು ಎದೆಗವಚಿಕೊಂಡು ಮನೆ ಮುಟ್ಟಿದಾಗ ಲಾರಿ ಹೊರಡಲು ತಯಾರಾಗಿತ್ತು. ಸಿಲಿಂಡರು ಆಗಲೇ ಏರಿ ಕೂತಿತ್ತು. ಮನೆಯ ಬಾಗಿಲು ಮುಚ್ಚಿತ್ತು. ತಟ್ಟಿದರು.

"ಹೆಸರು?" ಎಂದಿತು ಒಳಗಿನ ದನಿ.

ಸಾಹೇಬರಿಗೆ ಅರ್ಥವಾಗಲು ಸ್ವಲ್ಪ ಹೊತ್ತಾಯಿತು. ಅರ್ಥವಾದ ಮೇಲೆ, ಹೆತ್ತವರು ಇಟ್ಟ ಹೆಸರನ್ನು ಹೇಳಿದರು.

"ಕಳೆದ ವಸ್ತು?"

"ನಿನ್ನ ಮಾತು."

"ಎಲ್ಲಿ ಕಳ್ಕೊಂಡ್ರಿ?"

"ನನ್ನ ಕೌಂಟರಲ್ಲಿ. ಮಂಗಳವಾರ, ಹನ್ನೊಂದೂವರೆಗೆ."

"ಗುರುತು?"

"ಸ್ವಲ್ಪ ಜೋರು. ಅಡುಗೆಮನೆಯಿಂದ ಆಡಿದ್ರೆ ಬೀದಿಗೆ ಕೇಳುತ್ತೆ."

ಒಳಗೆ ಅತ್ತಿಗೆ ನಕ್ಕ ಸದ್ದಾಯಿತು. ಭಾವ "ಏನಂತೆ, ಏನಂತೆ" ಎಂದು ಕೂಗುತ್ತಿದ್ದರು. ಎದುರು ಮನೆಯ ಕಿಟಕಿಯಲ್ಲಿ ನರ್ಸಮ್ಮ ಮೊಣಕೈ ಊರಿ ನಿಂತಿದ್ದರು.

"ಹದಿನೈದನೇ ಕಾಲಂ" ಎಂದಿತು ದನಿ. "ಹೇಗನ್ನಿಸ್ತು?"

ಸಾಹೇಬರ ಕೈ ಅಭ್ಯಾಸಬಲದಿಂದ ಜೇಬಿನ ಕಾರ್ಡಿನ ಕಡೆ ಹೋಗಿ, ಅರ್ಧದಲ್ಲೇ ನಿಂತಿತು. "ಅದು ನನಗೆ ಸರಿಯಾಗಿ ಹೇಳೋಕೆ ಬರಲ್ಲ ಕಣೆ" ಎಂದರು. "ಆಫೀಸಲ್ಲಿ ದಿನಾ ಏನಾದ್ರೂ ಒಂದು ನಡೀತಿತ್ತು. ಬುಧವಾರ ಒಬ್ಬ ಹಲ್ಲಿನ ಸೆಟ್ ಕಳ್ಕೊಂಡು ಬಂದಿದ್ದ. ಅಲ್ಲಿದ್ದ ಮೂರು ಸೆಟ್ಟನ್ನೂ ಬಾಯಿಗೆ ಹಾಕ್ಕೊಂಡು ನೋಡ್ದ. ಇದನ್ನ ನಿನಗೆ ಹೇಳ್ಬೇಕು ಅಂತ ದಾರಿಯುದ್ದಕ್ಕೂ ನಗ್ತಾ ಬಂದೆ. ಬಾಗಿಲ ಹತ್ರ ಬಂದಾಗ ನೆನಪಾಯ್ತು, ಕೇಳೋಕೆ ಯಾರೂ ಇಲ್ಲ ಅಂತ. ಹಾಗೆ ಐದು ಸುದ್ದಿ ನನ್ನ ಹತ್ರಾನೇ ಉಳ್ಕೊಂಡಿವೆ. ಯಾರಿಗೆ ಹೇಳ್ಲಿ?"

ಸಾಹೇಬರು ಎಣಿಸಲಿಲ್ಲ, ಬರೀ ಕಾದರು.

"ಸಾಕ್ಷಿ ಬೇಕು" ಎಂದಿತು ದನಿ, ಈಗ ಸ್ವಲ್ಪ ಒಡೆದಿತ್ತು.

"ನಾನಿದ್ದೀನಿ ಕಣಮ್ಮಾ, ಬಾಗಿಲು ತೆಗಿ" ಎಂದರು ನರ್ಸಮ್ಮ ಕಿಟಕಿಯಿಂದ. "ನಿನ್ನ ಕಿಟಕಿ ತೆರೆದೇ ಇದೆ, ಎರಡೂ ಕಡೆಯವರ ಕಣ್ಣಲ್ಲೂ ನೀರು ಕಾಣ್ತಿದೆ."

ಚಿಲಕ ಸರಿಯಿತು. ಹೆಂಡತಿ ಬ್ಯಾಗನ್ನು ಕೈಯಿಂದ ಈಸಿಕೊಂಡು, ಒಳಗಿನ ಗಾದಿಯನ್ನು ತೆಗೆದು, ಭಾವನ ಎದುರಿಗೇ ಆ ಖಾಲಿ ಕುರ್ಚಿಯ ಮೇಲೆ ಇಟ್ಟು, ಅಂಗೈಯಿಂದ ಎರಡು ಸಲ ತಟ್ಟಿ ಸರಿಮಾಡಿದರು. ಖಾಲಿಯಾದ ಬ್ಯಾಗನ್ನು ಅಡುಗೆಮನೆಗೆ ಒಯ್ದು ಅದರ ಮೊಳೆಗೆ ನೇತುಹಾಕಿ ಬಂದರು. ಸಾಹೇಬರು ನಿಧಾನವಾಗಿ, ಹೆದರುತ್ತಾ ಹೆದರುತ್ತಾ, ಮೂರು ವರ್ಷದ ಮೇಲೆ ಕೂತರು.

"ಈಗ ಹೇಳಿ" ಎಂದು ಹೆಂಡತಿ ಎದುರಿಗೆ ಸ್ಟೂಲು ಎಳೆದುಕೊಂಡರು. "ಹಲ್ಲಿನ ಸೆಟ್ಟಿನವನಿಗೆ ಯಾವುದು ಸರಿಹೋಯ್ತು?"